ಹಂಚಿನಾಳ ಡಾಕ್ಟರಿಗೆ ಪೇಡೆ ಕೊಟ್ಟ ದಿನ

ಕಿವಿಯಲ್ಲಿ ಹತ್ತಿ ತುರುಕಿಕೊಂಡು ಸತ್ಯನಾರಾಯಣ ಪೂಜೆಗೆ ಬರುತ್ತಿದ್ದ ಮನುಷ್ಯರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ಶನಿವಾರ ಸಂಜೆ ಯಾರ ಮನೆಯಲ್ಲಿ ಕಾರ್ಯಕ್ರಮವಿದ್ದರೂ ಹಂಚಿನಾಳ ಡಾಕ್ಟರು ಹಾಗೆಯೇ ಬರುತ್ತಿದ್ದರು. ಹತ್ತಿ ಅವರ ಕ್ಲಿನಿಕ್ಕಿನದೇ, ಹಲ್ಲು ಕಿತ್ತ ಮೇಲೆ ಬಾಯಲ್ಲಿ ಇಡುವಂಥದ್ದು. ಕಥೆ ಕೇಳದೆ ಪ್ರಸಾದ ತಿಂದರೆ ಪುಣ್ಯ ಬರುವುದಿಲ್ಲ ಎಂದು ಹಿರಿಯ ಹೆಂಗಸೊಬ್ಬರು ಗಟ್ಟಿಯಾಗಿಯೇ ಗದರಿದಾಗ, ಅದು ಹತ್ತಿಯನ್ನು ದಾಟಿ ಹೇಗೋ ಒಳಗೆ ಹೋಯಿತು. "ಪುಣ್ಯ ಮುಂದಿನ ವಾರ ನೋಡೂಣ್ರಿ ಆಂಟಿ. ಇವತ್ತಿನ ಮ್ಯಾಚ್ ಇನ್ನಾ ನೋಡಿಲ್ಲ" ಎಂದು ಕೈಮುಗಿದರು.

ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಪಂದ್ಯಗಳು ನಮ್ಮ ಶಿಕಾಗೋ ಕಡೆ ಶನಿವಾರ ಬೆಳಿಗ್ಗೆಯೇ ಬರುತ್ತವೆ. ಡಾಕ್ಟರಿಗೆ ಆ ಹೊತ್ತಿನಲ್ಲಿ ಲೈಲ್ ಊರಿನ ಕ್ಲಿನಿಕ್ಕಿನಲ್ಲಿ ಕೈತುಂಬ ಕೆಲಸ. ಹಾಗಾಗಿ ಪಂದ್ಯವನ್ನು ಮನೆಯ ಟಿವಿಯಲ್ಲಿ ರೆಕಾರ್ಡ್ ಆಗಲು ಬಿಟ್ಟು, ರಾತ್ರಿ ಊಟವಾದ ಮೇಲೆ ಬೇಸ್‌ಮೆಂಟಿನಲ್ಲಿ ನೋಡುತ್ತಿದ್ದರು. ಅಲ್ಲಿಯವರೆಗೆ ಫಲಿತಾಂಶ ಅವರ ಕಿವಿಗೆ ಬೀಳಬಾರದು. ರೇಡಿಯೋ ಇಲ್ಲ, ಫೋನ್ ಇಲ್ಲ. "ಕ್ಲಿನಿಕ್ಕಲ್ಲಿ ಯಾರಾದ್ರೂ ಹೇಳಿಬಿಟ್ರೆ?" ಎಂದು ಒಮ್ಮೆ ಕೇಳಿದ್ದೆ. "ಹೆಂಗ ಹೇಳ್ತಾರ್ರಿ? ಎಲ್ಲಾರ ಬಾಯೂ ನನ್ನ ಕೈಯಾಗ ಇರ್ತಾವಲ್ಲ" ಎಂದರು.

ಅವರು ಬೆಳಗಾವಿಯ ಕಡೆಯವರು. ಅಮೆರಿಕಕ್ಕೆ ಬರುವ ಮೊದಲು ಒಂದು ವರ್ಷ ಓದಲೆಂದು ಇಂಗ್ಲೆಂಡಿನ ಒಂದು ಚಿಕ್ಕ ಬಂದರು ಪಟ್ಟಣದಲ್ಲಿದ್ದರು. ಬಾಡಿಗೆ ಮನೆಯ ಮುದುಕಿ ಇವರು ಚಳಿಗೆ ನಡುಗುವುದನ್ನು ನೋಡಲಾರದೆ ತನ್ನ ಗಂಡನ ಹಳದಿ ಮಫ್ಲರ್ ಕೊಟ್ಟಳಂತೆ. ಅದು ಆ ಊರಿನ ತಂಡದ ಬಣ್ಣ. ಅದನ್ನು ಸುತ್ತಿಕೊಂಡು ಬೀದಿಗೆ ಇಳಿದರೆ ಗುರುತಿಲ್ಲದವರೆಲ್ಲ ನಿಂತು ಮಾತಾಡಿಸತೊಡಗಿದರು. "ಊರಾಗ ಒಬ್ಬರೂ ನನ್ನ ಮಾತಾಡಸ್ತಿರಲಿಲ್ಲ. ಮಫ್ಲರ್ ಹಾಕ್ಕೊಂಡ ಮ್ಯಾಲ ಎಲ್ಲಾರೂ ನಿನ್ನೆ ಮ್ಯಾಚ್ ಹೆಂಗ ಸೋತ್ವಿ ನೋಡು ಅಂತ ಅಳಾಕ ಬಂದ್ರು. ಹಂಗ ಅಳೂ ಮಂದೀನ ಬಿಟ್ಟು ಹ್ಯಾಂಗ ಬರೂದ್ರಿ?" ಆ ತಂಡ ಲೀಗ್ ಗೆದ್ದದ್ದನ್ನು ಬದುಕಿದ್ದ ಯಾರೂ ನೋಡಿರಲಿಲ್ಲ. "ಸೋಲು ನಮ್ಮ ಮನಿ ದೇವ್ರು. ವರ್ಷಾ ಹೋಗಿ ಕಾಯಿ ಒಡಸ್ಕೊಂಡ ಬರೂದ" ಎನ್ನುವರು.

ನಾನು ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವನು. ಅಕ್ಕನ ಸ್ಪಾನ್ಸರಿನಿಂದ ಮೈಸೂರಿನಿಂದ ಇಲ್ಲಿಗೆ ಬಂದು, ಇಟಾಸ್ಕಾದ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುತ್ತ ರಿಟೈರ್ ಆದೆ. ಬೋಲಿಂಗ್‌ಬ್ರೂಕಿನಲ್ಲಿ ನನ್ನದೊಂದು ಟೌನ್‌ಹೋಮ್. ನಮ್ಮ ಕನ್ನಡದವರ ಕೂಟಗಳಲ್ಲಿ ನಾನು ಹೆಚ್ಚಾಗಿ ಕುರ್ಚಿ ಜೋಡಿಸುವವನು. ಒಂದು ಯುಗಾದಿ ಊಟದಲ್ಲಿ ಡಾಕ್ಟರು ಹತ್ತಿ ತೆಗೆದು ನನ್ನ ಪಕ್ಕ ಕೂತು, ನನಗೂ ಫುಟ್‌ಬಾಲ್ ಹುಚ್ಚಿದೆ ಎಂದು ತಿಳಿದದ್ದೇ, "ಶೀನಪ್ಪ, ಶನಿವಾರ ರಾತ್ರಿ ನಮ್ಮ ಮನಿಗೆ ಬರ್ರಿ" ಎಂದರು. ಆಮೇಲೆ ಹಲವು ವರ್ಷ ನಾನು ತಪ್ಪಿಸಿದ್ದಿಲ್ಲ.

ನನಗೆ ಬೆಳಿಗ್ಗೆ ಬಿಡುವು. ಪಂದ್ಯ ನಡೆಯುವಾಗಲೇ ನೋಡಿಬಿಟ್ಟಿರುತ್ತಿದ್ದೆ. ರಾತ್ರಿ ಅವರ ಜೊತೆ ಏನೂ ತಿಳಿಯದವನಂತೆ ಮತ್ತೆ ನೋಡಬೇಕು. ಅವರು ಸೋಫಾದ ಹಿಂದೆ ನಿಂತೇ ನೋಡುವವರು, ಸೋಫಾದ ಬೆನ್ನನ್ನು ಎರಡು ಕೈಯಲ್ಲಿ ಹಿಡಿದು. ನಡುನಡುವೆ ನನ್ನ ಮುಖ ನೋಡುವರು. "ಏನೂ ಗೊತ್ತಾಗವಲ್ದು. ಶೀನಪ್ಪನ ಮಾರಿ ಅಂದ್ರ ಶಹಾಬಾದ ಕಲ್ಲು" ಎಂದು ನಗುವರು. ಅವರ ತಂಡದಲ್ಲಿ ವಯಸ್ಸಾದ, ದಪ್ಪ ಕುತ್ತಿಗೆಯ ಒಬ್ಬ ಡಿಫೆಂಡರ್ ಇದ್ದ. ಅವನಿಗೆ ಡಾಕ್ಟರು "ನಮ್ಮ ಎತ್ತು" ಎಂದು ಹೆಸರಿಟ್ಟಿದ್ದರು. ಎತ್ತಿಗೆ ಚೆಂಡು ಸಿಕ್ಕಿತೆಂದರೆ "ನಿಂದ್ರೋ ಮಾರಾಯ, ಉಸಿರು ತಗೋ, ಆಮ್ಯಾಲ ಒದಿಯಂತಿ" ಎಂದು ಬುದ್ಧಿ ಹೇಳುವರು. ಅವರು ಹೀಗೆ ಆಸೆಯಿಂದ ಕುತ್ತಿಗೆ ಚಾಚಿ ನಿಂತಿರುವಾಗ, ಇನ್ನು ಹತ್ತು ನಿಮಿಷಕ್ಕೆ ಇವರ ತಂಡದ ಮೇಲೆ ಗೋಲು ಬೀಳುತ್ತದೆ ಎಂದು ನನಗೆ ಗೊತ್ತಿರುತ್ತಿತ್ತು. ಅದರಲ್ಲಿ ನನಗೊಂದು ಸಣ್ಣ ಸುಖವಿತ್ತು. ಅದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ.

ಏಕೆಂದರೆ ನನ್ನ ತಂಡ ಕೆಂಪು ಅಂಗಿಯವರದು. ದೊಡ್ಡ ಊರು, ದೊಡ್ಡ ಹಣ. ಕೇಬಲ್ ಹಾಕಿಸಿದ ವರ್ಷ ಯಾರು ಗೆಲ್ಲುತ್ತಿದ್ದರೋ ಅವರನ್ನು ನಾನು ಆರಿಸಿಕೊಂಡೆ. ಡಾಕ್ಟರಿಗೆ ದೊಡ್ಡ ಮನೆ ಇತ್ತು, ಓದಿದ ಮಗಳಿದ್ದಳು, ಬಾಯಿ ತುಂಬ ಮಾತಾಡುವ ಹೆಂಡತಿ ಶಶಿಕಲಾ ವೈನಿ ಇದ್ದರು, ಎಲ್ಲಿ ಹೋದರೂ ಜನ ಎದ್ದು ನಿಲ್ಲುತ್ತಿದ್ದರು. ನನಗಿದ್ದದ್ದು ಗೆಲ್ಲುವ ತಂಡವೊಂದೇ. ಲೀಗ್ ಮುಗಿದ ದಿನ ಅವರು ಫೋನ್ ಮಾಡಿ, "ನಿಮ್ಮ ಕೆಂಪು ಮಂದಿ ಮತ್ತ ಗೆದ್ರಪಾ, ಭಾಗ್ಯ ಮಾಡೀರಿ" ಎಂದಾಗ, ವರ್ಷದಲ್ಲಿ ಆ ಒಂದು ದಿನ ನಾನು ಅವರಿಗಿಂತ ಮೇಲಿರುತ್ತಿದ್ದೆ.

ಆ ವರ್ಷ ಹಳದಿ ತಂಡಕ್ಕೆ ಏನು ಮೈಮೇಲೆ ಬಂದಿತ್ತೋ, ಸೋಲುವುದನ್ನೇ ಮರೆತರು. ಕೊನೆಯ ಭಾನುವಾರ ಅವರಿಗೂ ನಮ್ಮ ಕೆಂಪಿನವರಿಗೂ ಎದುರುಬದುರು ಪಂದ್ಯ. ಸಮ ಆದರೂ ಲೀಗ್ ನಮ್ಮದು. ಅವರು ಗೆಲ್ಲಲೇಬೇಕು.

ಅದೇ ಭಾನುವಾರ ಡೆಟ್ರಾಯ್ಟ್ ಹತ್ತಿರದ ನೋವೈಯಲ್ಲಿ, ಮಗಳ ಮನೆಯಲ್ಲಿ, ಅವರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಹಿಂದಿನ ದಿನ ಹೊರಡುವಾಗ ಫೋನ್ ಮಾಡಿದರು. "ಶೀನಪ್ಪ, ಊಟ ಮುಗಿಸಿ ಗಾಡಿ ಬಿಟ್ಟೆ ಅಂದ್ರ ಸಂಜಿಗೆ ಮನಿ ಮುಟ್ತೀವಿ. ನೀವು ಬಂದಿರ್ರಿ. ಗೆಲ್ಲಲಿ ಸೋಲಲಿ, ನನ್ನ ಬೇಸ್‌ಮೆಂಟಿನಾಗ, ನಿಮ್ಮ ಜೋಡಿನ ನೋಡ್ತೀನಿ. ಮಾರಿ ಮಾತ್ರ ಕಲ್ಲ ಮಾಡ್ಕೊಂಡ ಬರ್ರಿ." ಆಮೇಲೆ, "ಗೆದ್ರ ಏನ್ ಮಾಡ್ತೀನಿ ನನಗ ಗೊತ್ತಿಲ್ಲ. ಒಮ್ಮೆ ಒದರಬೇಕು. ಮೂವತ್ತ ವರ್ಷದ್ದು ಒಳಗ ಐತಿ" ಎಂದರು.

ನಾನು ನನ್ನ ಮನೆಯಲ್ಲಿ ಕೂತು ಪಂದ್ಯ ನೋಡಿದೆ. ಕೊನೆಯ ನಿಮಿಷದವರೆಗೆ ಒಂದಕ್ಕೊಂದು ಸಮ. ರೆಫರಿ ಕೊಟ್ಟ ಹೆಚ್ಚುವರಿ ನಿಮಿಷಗಳೂ ಮುಗಿಯುತ್ತಿದ್ದವು. ಹಳದಿಯವರಿಗೆ ಒಂದು ಕಾರ್ನರ್ ಸಿಕ್ಕಿತು. ಆ ಎತ್ತು ತನ್ನ ಜಾಗ ಬಿಟ್ಟು ಮೈದಾನದ ಉದ್ದಕ್ಕೂ ಏದುಸಿರು ಬಿಡುತ್ತ ಓಡಿಬಂದ. ಎಲ್ಲರ ಮೇಲಿಂದ ಎದ್ದು ತಲೆ ಕೊಟ್ಟ. ಚೆಂಡು ಬಲೆಗೆ ಬಿತ್ತು.

ಆಮೇಲೆ ತೋರಿಸಿದ್ದನ್ನು ನನಗೆ ನೋಡಲಾಗಲಿಲ್ಲ, ಟಿವಿ ಆರಿಸಲೂ ಆಗಲಿಲ್ಲ. ನನ್ನ ವಯಸ್ಸಿನ ಮುದುಕರು ಗುರುತಿಲ್ಲದವರ ಕೊರಳು ತಬ್ಬಿ ಅಳುತ್ತಿದ್ದರು. ಒಬ್ಬ ಹೆಂಗಸು ಯಾರದೋ ಫೋಟೋ ಎತ್ತಿ ಮೈದಾನಕ್ಕೆ ತೋರಿಸುತ್ತಿದ್ದಳು. ನನ್ನ ತಂಡ ಎಷ್ಟೋ ಸಲ ಗೆದ್ದಿದೆ. ಗೆದ್ದಾಗಲೆಲ್ಲ ನಾನು ಎದ್ದು ಕಾಫಿ ಮಾಡಿಕೊಂಡಿದ್ದೇನೆ. ಹೀಗೆ ಅಳುವುದು ಒಂದು ದಿನವೂ ನನಗೆ ಬಂದಿರಲಿಲ್ಲ.

ಅಡುಗೆಮನೆಯಿಂದ ನನ್ನ ಹೆಂಡತಿ ಲಲಿತ ಕೇಳಿದಳು. "ಯಾರು ಗೆದ್ದಿದ್ದು?"

"ಡಾಕ್ಟ್ರ ಟೀಮು."

"ಅಯ್ಯೋ ಪಾಪ, ಎಷ್ಟು ಖುಷಿ ಆಗತ್ತೋ ಅವರಿಗೆ."

ಪಾಪ ಎಂದಳು. ಎಲ್ಲ ಇದ್ದವರಿಗೆ ಪಾಪ, ಸೋತು ಕೂತ ನನಗೆ ಏನೂ ಇಲ್ಲ. ಸಂಜೆ ನಾನು ಅವರ ಸೋಫಾದಲ್ಲಿ ಕೂತು, ಆ ಕೂಗು ಅವರ ಬಾಯಿಂದ ಬರುವುದನ್ನು ಕೇಳಬೇಕು, ಕೇಳಿ ನಗಬೇಕು.

ಇಂಡಿಯನ್ ಗ್ರೋಸರಿಗೆ ಡ್ರೈವ್ ಮಾಡಿದೆ. ಧಾರವಾಡ ಪೇಡೆಯ ಡಬ್ಬಿಯೊಂದನ್ನು ಕೊಂಡೆ. ಯೋಚಿಸಿಯೇ ಕೊಂಡೆ. ಹತ್ತಿ ಕಿವಿಯನ್ನು ಮುಚ್ಚುತ್ತದೆ, ಕಣ್ಣನ್ನಲ್ಲ.

ಅವರ ಕಾರು ಬಡಾವಣೆಯ ತಿರುವಿನಲ್ಲಿ ಕಂಡಾಗ ನಾನು ಅವರ ಮನೆಯ ಮುಂದಿನ ಡ್ರೈವ್‌ವೇಯಲ್ಲಿ ನಿಂತಿದ್ದೆ. ವೈನಿಯೇ ಓಡಿಸುತ್ತಿದ್ದರು. ಇಳಿಯುತ್ತಲೇ, "ಏನ್ ಹೇಳ್ಲಿ ಶೀನಪ್ಪ, ದಾರ್ಯಾಗ ಕಲಮಜೂದಾಗ ಗಾಡಿಗೆ ಗ್ಯಾಸ್ ಹಾಕೂ ಮುಂದ ಅಲ್ಲೊಂದು ಟಿವಿ ಇತ್ತು ಅಂತ ಇವರು ಮಾರಿಗೆ ಟವೆಲ್ ಹೊದ್ಕೊಂಡ ಕೂತಿದ್ರು. ಬಾಜೂಕ ಗ್ಯಾಸ್ ಹಾಕ್ಕೊಳ್ಳಾಕ ಬಂದ ಹುಡುಗ ಪೇಷಂಟ್ ಏನು ಅಂತ ಕೇಳ್ದ" ಎಂದರು. ಡಾಕ್ಟರು ಆ ಕಡೆಯಿಂದ ಇಳಿದು, ಹತ್ತಿ ತೆಗೆಯದೆ, ನನ್ನ ಮುಖ ನೋಡಿ ನಗುತ್ತ ಬಂದರು. ನಾನು ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದೆ.

ಅವರು ಪೇಡೆಯನ್ನು ನೋಡಿದರು. ನಗು ನಿಧಾನವಾಗಿ ಇಳಿಯಿತು. ಹತ್ತಿಯನ್ನು ಒಂದೊಂದಾಗಿ ತೆಗೆದು ಜೇಬಿಗೆ ಹಾಕಿಕೊಂಡು, ಆಸ್ಪತ್ರೆಯ ಬಾಗಿಲಲ್ಲಿ ಕೇಳುವವರ ಹಾಗೆ ಕೇಳಿದರು. "ಗೆದ್ದೀವೇನ್ರಿ?"

"ಕಂಗ್ರಾಜುಲೇಶನ್ಸ್ ಡಾಕ್ಟ್ರೇ" ಎಂದೆ.

"ನೋಡ್ರಿ ಇವರ ಮನಸ್ಸು" ಎಂದರು ವೈನಿ. "ತಮ್ಮ ಟೀಮ್ ಸೋತ್ರೂ ಸಿಹಿ ತಂದಾರ."

ಡಾಕ್ಟರು ಒಂದು ಪೇಡೆ ಬಾಯಿಗೆ ಹಾಕಿಕೊಂಡು, "ನಡೀರಿ, ನೋಡೂಣು" ಎಂದು ಬೇಸ್‌ಮೆಂಟಿಗೆ ಇಳಿದರು. ಪೂರ್ತಿ ಪಂದ್ಯ ನೋಡಿದರು. ಆವತ್ತು ಮೊದಲ ಬಾರಿಗೆ ಸೋಫಾದಲ್ಲಿ ಕೂತು ನೋಡಿದರು. ನನ್ನ ಮುಖ ನೋಡುವ ಕೆಲಸವಿರಲಿಲ್ಲ. ಎತ್ತು ಮೇಲೆದ್ದು ತಲೆ ಕೊಟ್ಟಾಗ ಅವರ ಬಾಯಿ ತೆರೆಯಿತು, ಹಾಗೆಯೇ ಸ್ವಲ್ಪ ಹೊತ್ತು ತೆರೆದಿತ್ತು, ಮತ್ತೆ ಮುಚ್ಚಿತು. ಟಿವಿಯಲ್ಲಿ ಮಾತ್ರ ಜನ ಕೂಗುತ್ತಿದ್ದರು.

"ಬರವಲ್ದು ಶೀನಪ್ಪ" ಎಂದರು. ಆಮೇಲೆ ನನ್ನನ್ನು ನೋಡಿ, "ಪೇಡೆ ಗಂಟಲಾಗ ಸಿಕ್ಕೊಂಡೈತಿ ಕಾಣಸ್ತದ" ಎಂದು ನಕ್ಕರು.

ಮುಂದಿನ ವಾರ ವೈನಿ ಆ ಪೇಡೆಯ ಸುದ್ದಿಯನ್ನು ಕೂಟದಲ್ಲೆಲ್ಲ ಹೇಳಿದರು. ಸ್ಪೋರ್ಟ್ಸ್‌ಮನ್ ಅಂದರೆ ನಮ್ಮ ಶೀನಣ್ಣ ಎಂದು ಜನ ನನ್ನ ಬೆನ್ನು ತಟ್ಟಿದರು. ಡಾಕ್ಟರು ಪಕ್ಕದಲ್ಲಿ ನಿಂತು ಪಾಯಸ ಕುಡಿಯುತ್ತಿದ್ದರು.

ಆಮೇಲೆ ಅವರು ಕ್ಲಿನಿಕ್ ಮಾರಿ ಮಗಳ ಹತ್ತಿರ ನೋವೈಗೆ ಹೋದರು. ಕಳೆದ ಚಳಿಗಾಲದಲ್ಲಿ ಹೃದಯದ ಕಾಯಿಲೆ ಕಾಣಿಸಿತು. ಸುದ್ದಿ ಕೇಳಿ ನಾನು ಒಬ್ಬನೇ ಡ್ರೈವ್ ಮಾಡಿಕೊಂಡು ಹೋದೆ. ತುಂಬ ಸೊರಗಿದ್ದರು. ವೈನಿ ಚಹಾ ತರಲು ಒಳಗೆ ಹೋದಾಗ ನಾನು ಹೇಳಿಬಿಟ್ಟೆ. "ಡಾಕ್ಟ್ರೇ, ಅವತ್ತು ಪೇಡೆ ತಂದಿದ್ದು ಖುಷಿಗಲ್ಲ. ಹೊಟ್ಟೆಕಿಚ್ಚಿಗೆ. ನಿಮಗೆ ಆ ಖುಷಿ ಸಿಗಬಾರದು ಅಂತಲೇ ತಂದೆ."

"ಗೊತ್ತೈತ್ರಿ" ಎಂದರು. "ಅವತ್ತ ಗೊತ್ತಾತು. ಅಷ್ಟು ವರ್ಷ ನನ್ನ ಮುಂದ ಕಲ್ಲಾಗಿ ಕೂತ ಮನಷ್ಯಾ. ಮರತು ತಂದಿರಾಕ ಸಾಧ್ಯ ಇಲ್ಲ."

"ಕ್ಷಮಿಸಬೇಕು."

"ಸುಳ್ಳ ಯಾಕ ಹೇಳ್ಲಿ ಶೀನಪ್ಪ. ಸಿಟ್ಟು ಐತಿ. ಇನ್ನಾ ಐತಿ. ಆ ಒದರೂದು ಮತ್ತ ಬರಂಗಿಲ್ಲ. ಈಗ ವರ್ಷಾ ಗೆದ್ರೂ ಬರಂಗಿಲ್ಲ." ಒಳಗಿನಿಂದ ಚಹಾದ ಕಪ್ಪುಗಳ ಸದ್ದು ಬಂತು. ಅವರು ದನಿ ತಗ್ಗಿಸಿದರು. "ಅಕಿಗೆ ಹೇಳಬ್ಯಾಡ್ರಿ. ನಿಮ್ಮ ಮ್ಯಾಲ ಭಾಳ ಅಭಿಮಾನ ಐತಿ ಅಕಿಗೆ. ಮತ್ತ ಮುಂದಿನ ತಿಂಗಳು ಬರ್ರಿ. ಸಿಟ್ಟು ಐತಿ ಅಂತ ಮ್ಯಾಚ್ ನೋಡೂದು ಬಿಡಾಕ ಆಗ್ತದೇನು?"

ಮುಂದಿನ ತಿಂಗಳಿಗೆ ಮೊದಲೇ ಅವರ ಮಗಳು ಫೋನ್ ಮಾಡಿದಳು. "ಅಂಕಲ್, ಹಿ ಈಸ್ ಗಾನ್" ಎಂದಳು. ಸ್ವಲ್ಪ ಅತ್ತು, "ಶನಿವಾರ ನೀವು ಬರ್ತೀರಿ ಅಂತ ಬೇಸ್‌ಮೆಂಟಿಗೆ ಹೀಟರ್ ಹಾಕಿಸಿದ್ರು" ಎಂದಳು.

ಅಂತ್ಯಕ್ರಿಯೆಗೆ ಹೋಗಿ ಬಂದೆ. ವೈನಿ ಅಲ್ಲಿಯೂ ಬಂದವರಿಗೆಲ್ಲ ನನ್ನನ್ನು ತೋರಿಸಿ ಪೇಡೆಯ ಮಾತು ಹೇಳಿದರು. ಅಕಿಗೆ ಹೇಳಬ್ಯಾಡ್ರಿ ಎಂದಿದ್ದರಲ್ಲ, ನಾನು ಸುಮ್ಮನಿದ್ದೆ. ಡಾಕ್ಟರು ಸಿಟ್ಟು ಇಳಿಯುವ ಮೊದಲೇ ಹೋದರು. ನನಗೆ ಅದೇ ಸರಿ. ಅವರು ಕ್ಷಮಿಸಿಬಿಟ್ಟಿದ್ದರೆ, ಅಂಥ ದೊಡ್ಡ ಮನಸ್ಸೂ ಅವರಿಗೇ ಸಿಕ್ಕಿತಲ್ಲ ಎಂದು ಅವರು ಹೋದ ದಿನ ರಾತ್ರಿಯೂ ನಾನು ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ.