ನೀಲಿ ಸಾಲು ಗುಲಾಬಿಯಾದದ್ದು

ನಮ್ಮ ಮನೆಯ ಬಣ್ಣದ ಪ್ರಿಂಟರ್ ಹೊಸ ಕಂಪ್ಯೂಟರುಗಳ ಜೊತೆ ಮಾತು ಬಿಟ್ಟು ಬಹಳ ವರ್ಷಗಳಾಗಿದ್ದವು. ಆದರೂ ಪ್ರತಿ ಗುರುವಾರ ಮಧ್ಯಾಹ್ನ ಅದು ಓಡುತ್ತಿತ್ತು, ಓಡಿಸುತ್ತಿದ್ದವನು ನಾನು. ಪುಣೆಯ ಹತ್ತಿರದ ಭೋಸರಿಯ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ದುಡಿದು ನಿವೃತ್ತನಾದ ಮೇಲೆ ಮನೆಯಲ್ಲಿ ನನಗೆ ಉಳಿದಿದ್ದ ಅಧಿಕಾರ ಅದೊಂದೇ.

ಪ್ರಿಂಟರ್ ಬೇಕಾಗಿದ್ದುದು ನನ್ನ ಹೆಂಡತಿಯ ಭಜನಾ ಮಂಡಳಿಗೆ. ಶುಕ್ರವಾರ ಸಂಜೆ ಸೇರುವ ಹೆಣ್ಣುಮಕ್ಕಳಲ್ಲಿ ಧಾರವಾಡ, ಬೆಳಗಾವಿ ಕಡೆಯಿಂದ ಮದುವೆಯಾಗಿ ಬಂದವರಿಗೆ ಕನ್ನಡ ಓದಲು ಬರುತ್ತದೆ. ಪುಣೆಯಲ್ಲೇ ಹುಟ್ಟಿ ಮರಾಠಿ ಶಾಲೆಗೆ ಹೋದವರಿಗೆ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಹಾಗಾಗಿ ಹಾಡಿನ ಒಂದು ಸಾಲು ಕನ್ನಡ ಅಕ್ಷರದಲ್ಲಿ ಕೆಂಪು, ಅದರ ಕೆಳಗೆ ಅದೇ ಸಾಲು ಮರಾಠಿ ಅಕ್ಷರದಲ್ಲಿ ನೀಲಿ. ಬಣ್ಣ ಬೇರೆ ಇದ್ದರೆ ವಯಸ್ಸಾದವರ ಕಣ್ಣು ಸಾಲು ತಪ್ಪುವುದಿಲ್ಲ. ಈ ಉಪಾಯ ನನ್ನದು ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದೆ.

ಹೊಸ ಲ್ಯಾಪ್‌ಟಾಪ್ ಬಂದಾಗ ಅದು ಈ ಪ್ರಿಂಟರನ್ನು ಗುರುತೇ ಹಿಡಿಯಲಿಲ್ಲ. ಎರಡನ್ನೂ ಜೋಡಿಸುವ ಡ್ರೈವರ್ ಎಂಬ ತಂತ್ರಾಂಶ ಈಗ ಸಿಗುವುದಿಲ್ಲ ಎಂದು ತಿಳಿಯಿತು. ನಾನು ಬಗ್ಗಲಿಲ್ಲ. ಗುಜರಿಗೆ ಹೊರಟಿದ್ದ ಹಳೆಯ ಕಂಪ್ಯೂಟರನ್ನು ಇದೊಂದೇ ಕೆಲಸಕ್ಕಾಗಿ ಮೂಲೆಯಲ್ಲಿ ಉಳಿಸಿಕೊಂಡೆ. ಖಾಲಿಯಾದ ಶಾಯಿ ಡಬ್ಬಿಗಳನ್ನು ಸಿರಿಂಜಿನಿಂದ ತುಂಬಿದೆ. ಬೇಸಿಗೆಯಲ್ಲಿ ಶಾಯಿ ಒಣಗದಿರಲೆಂದು ದಿನ ಬಿಟ್ಟು ದಿನ ಒಂದು ಬಣ್ಣದ ಹಾಳೆ ತೆಗೆದೆ. ಗುರುವಾರ ಊಟವಾದ ಮೇಲೆ ಹೆಂಡತಿ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಹಾಡಿನ ಸಾಲು ಹೇಳುತ್ತಿದ್ದಳು, ನಾನು ಟೈಪ್ ಮಾಡುತ್ತಿದ್ದೆ. ನಡುನಡುವೆ ಅವರಿವರ ಸುದ್ದಿಯೂ ಬರುತ್ತಿತ್ತು. ನಿಜ ಹೇಳಬೇಕೆಂದರೆ, ವಾರದಲ್ಲಿ ನಾವಿಬ್ಬರು ನೆಟ್ಟಗೆ ಮಾತಾಡುತ್ತಿದ್ದುದು ಆ ಒಂದು ತಾಸು ಮಾತ್ರ.

ಅಷ್ಟರಲ್ಲಿ ನಾಲ್ಕನೇ ಮಹಡಿಗೆ ಬೆಂಗಳೂರಿನ ಹೆಣ್ಣುಮಗಳೊಬ್ಬಳು ಬಾಡಿಗೆಗೆ ಬಂದಳು. ನಲವತ್ತರ ಹತ್ತಿರದವಳು, ಮಗರಪಟ್ಟಾದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ, ವಾರದಲ್ಲಿ ಎರಡು ದಿನ ಮನೆಯಿಂದಲೇ. ಬಂದ ತಿಂಗಳಲ್ಲೇ ಮಂಡಳಿ ಸೇರಿದಳು. ಒಂದು ಗುರುವಾರ ನಮ್ಮ ಮನೆಗೆ ಬಂದು, ಮೂಲೆಯ ಹಳೆಯ ಕಂಪ್ಯೂಟರ್ ನೋಡಿ ಹುಬ್ಬೇರಿಸಿದಳು.

"ಅಂಕಲ್, ಇದೇ ಕಂಪನಿಯ ಬೇರೆ ಮಾಡೆಲ್ ಡ್ರೈವರ್ ಹಾಕಿದ್ರೆ ವರ್ಕ್ ಆಗುತ್ತೆ ಅನ್ಸುತ್ತೆ. ಟ್ರೈ ಮಾಡಿದ್ರಾ?"

ಮಾಡಿರಲಿಲ್ಲ. ಅವಳು ಮಾಡಿದಳು. ಚಹಾ ಆರುವುದರೊಳಗೆ ಪ್ರಿಂಟರ್ ಹೊಸ ಲ್ಯಾಪ್‌ಟಾಪಿನ ಮಾತು ಕೇಳತೊಡಗಿತು. ಅಷ್ಟಕ್ಕೇ ಬಿಡಲಿಲ್ಲ. ಬಾಯಲ್ಲಿ ಹೇಳಿದರೆ ಲ್ಯಾಪ್‌ಟಾಪೇ ಕನ್ನಡ ಬರೆದುಕೊಳ್ಳುವಂತೆ ಮಾಡಿ, ಅದನ್ನು ಮರಾಠಿ ಅಕ್ಷರಕ್ಕೆ ತಿರುಗಿಸುವುದನ್ನೂ ನನ್ನ ಹೆಂಡತಿಗೆ ಕಲಿಸಿಕೊಟ್ಟಳು.

"ಭಾಳ ಶಾಣ್ಯಾಕಿ ಅದಾಳ ನೋಡ್ರಿ," ಎಂದಳು ಹೆಂಡತಿ. ಇಷ್ಟು ವರ್ಷದಲ್ಲಿ ನನಗೆ ಸಿಗದ ಪದವಿ ಅದು.

ನನಗೆ ಹೊಟ್ಟೆಕಿಚ್ಚಾಯಿತು. ಮುಚ್ಚಿಡುವಂಥದ್ದೇನಿಲ್ಲ, ಧಗಧಗ ಉರಿಯಿತು. ಮುಂದಿನ ಗುರುವಾರಗಳಲ್ಲಿ ಇವಳು ಲ್ಯಾಪ್‌ಟಾಪಿಗೆ ಹಾಡು ಹೇಳಿದಳು, ಪಕ್ಕದ ಕುರ್ಚಿಯಲ್ಲಿ ಆ ಬೆಂಗಳೂರಿನವಳು ಕುಳಿತಳು. ಇಬ್ಬರ ನಗು ಬಾಲ್ಕನಿಯವರೆಗೂ ಬರುತ್ತಿತ್ತು. ನಾನು ಓದಿ ಮುಗಿಸಿದ ಪೇಪರನ್ನೇ ಮತ್ತೆ ಓದುತ್ತಿದ್ದೆ.

ಒಂದು ಗುರುವಾರ ಬೆಳಿಗ್ಗೆ ಹೆಂಡತಿ ದೇವರ ಪೂಜೆಗೆ ಕುಳಿತಿದ್ದಾಗ ಪ್ರಿಂಟರಿನ ಮುಚ್ಚಳ ತೆಗೆದೆ. ನೀಲಿ ಶಾಯಿಯ ಡಬ್ಬಿಯ ಮೇಲೆ ಗಾಳಿ ಆಡಲೆಂದು ಸಣ್ಣದೊಂದು ತೂತಿರುತ್ತದೆ. ಅದನ್ನು ಮುಚ್ಚಿದರೆ ಶಾಯಿ ಕೆಳಗಿಳಿಯುವುದಿಲ್ಲ. ಅದರ ಮೇಲೆ ಅಂಟುಪಟ್ಟಿಯ ತುಣುಕು ಒತ್ತಿ, ಏನೂ ಅರಿಯದವನಂತೆ ಬಾಲ್ಕನಿಗೆ ಹೋದೆ. ಅವಳು ನನ್ನನ್ನು ಕರೆಯಬೇಕು, ನಾನು ಸ್ವಲ್ಪ ಗೊಣಗಿ ಏಳಬೇಕು ಎಂಬುದು ನನ್ನ ಲೆಕ್ಕಾಚಾರ.

ಮಧ್ಯಾಹ್ನ ಹೆಂಡತಿಯೊಬ್ಬಳೇ ಅಚ್ಚಿಗೆ ಕುಳಿತಳು. ಮೊದಲ ನಾಲ್ಕಾರು ಹಾಳೆ ಸರಿಯಾಗಿ ಬಂದವು. ಆಮೇಲೆ ನೀಲಿ ಶಾಯಿ ನಿಂತು, ಅದರ ಜೊತೆ ಬೆರೆಯುವ ಗುಲಾಬಿ ಶಾಯಿಯೊಂದೇ ಬಿದ್ದು ನೀಲಿ ಸಾಲುಗಳು ಗುಲಾಬಿಯಾದವು, ಕೆಂಪಿಗೂ ಅದಕ್ಕೂ ಭೇದವೇ ಉಳಿಯಲಿಲ್ಲ. ಮುಚ್ಚಳ ತೆಗೆದು ಮುಚ್ಚಿದ ಸದ್ದು ಕೇಳಿ ನಾನು ಪೇಪರ್ ಮಡಿಚಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಫೋನ್ ಎತ್ತಿ ನಾಲ್ಕನೇ ಮಹಡಿಗೆ ಮಾಡಿದಳು.

ಆಕೆ ಇಳಿದು ಬಂದಳು. ಮುಚ್ಚಳ ತೆಗೆದು ಒಳಗೆ ನೋಡಿದಳು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಪಟ್ಟಿ ಕಿತ್ತು ಮುಷ್ಟಿಯಲ್ಲಿ ಹಿಡಿದಳು.

"ಧೂಳು ಕೂತಿತ್ತು ಆಂಟಿ, ಕ್ಲೀನ್ ಮಾಡಿದೀನಿ. ಇದೆಲ್ಲ ಅಂಕಲ್‌ಗೇ ನನಗಿಂತ ಚೆನ್ನಾಗಿ ಗೊತ್ತು, ಅವರನ್ನೇ ಕೇಳಬಹುದಿತ್ತು."

ಚಾಡಿ ಹೇಳಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಅವಳನ್ನು ಬೈಯುವ ಸುಖವೂ ಆವತ್ತಿಗೆ ಮುಗಿಯಿತು. ಮೀಟಿಂಗ್ ಇದೆ ಎಂದು ಅವಳು ಮೇಲೆ ಹೋದಳು.

ಹೆಂಡತಿ ನನ್ನತ್ತ ತಿರುಗದೆಯೇ ಹೇಳಿದಳು. "ಆಕಿ ಬರೂಕಿಂತ ಮೊದಲ ಮುಚ್ಚಳ ತಗದು ನೋಡೀನ್ರಿ ನಾನು. ಅದು ಧೂಳಲ್ಲ."

"ಮತ್ತ ಆಕಿನ್ಯಾಕ ಕರದಿ?"

"ನೀವ ಎದ್ದು ಬಂದು ಹೇಳ್ತೀರೇನೋ ಅಂತ ಕಾದೆ. ಬರಲಿಲ್ಲ." ಲ್ಯಾಪ್‌ಟಾಪಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. "ಬಾಜೂಕ ಕೂಡಬೇಕು ಅನಸಿದ್ರ ಬಂದು ಕೂಡ್ರಿ. ಅದಕ್ಕ ಪ್ರಿಂಟರ್ ಯಾಕ ಕೆಡಸಬೇಕು?"

ಅವಳ ಪಕ್ಕದ ಕುರ್ಚಿ ಖಾಲಿಯೇ ಇತ್ತು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಒಂದು ಕೆಲಸದ ನೆಪವಿಲ್ಲದೆ ನಾನು ಅವಳ ಪಕ್ಕ ಕುಳಿತದ್ದು ನೆನಪಿಗೆ ಬರಲಿಲ್ಲ. ಹಾಗೆ ಕುಳಿತರೆ ಏನು ಮಾತಾಡಬೇಕು, ಅದೂ ತಿಳಿಯಲಿಲ್ಲ.

"ಹಾಳಿ ಮುಗದಾವೇನು? ತುಂಬ್ಲ್ಯಾ?" ಎಂದು ಕೇಳಿದೆ.