ಸಾಸರಿನ ಮೇಲೆ ಹಸಿರು ಗೆರೆ

ಆಗ ಕೊಡಗು ತನ್ನದೇ ಒಂದು ರಾಜ್ಯ. ನನ್ನ ಅತ್ತೆಯ ಮನೆ ಇದ್ದದ್ದು ಹಾಸನದ ಕಡೆ, ಮೈಸೂರು ರಾಜ್ಯದಲ್ಲಿ. ಅತ್ತೆಗೂ ನನಗೂ ನಡುವೆ ಒಂದು ಗಡಿ ಇದೆ ಎಂಬುದೇ ಹೊಸ ಸೊಸೆಯಾದ ನನಗೆ ದೊಡ್ಡ ಸಮಾಧಾನವಾಗಿತ್ತು.

ನಮ್ಮವರಿಗೆ ಕೊಡಗು ಸರ್ಕಾರದಲ್ಲಿ ಅದಿರು ಹುಡುಕುವ ಕೆಲಸ, ಅದೂ ತಾತ್ಕಾಲಿಕ. ಸಂಪಾಜೆಯಲ್ಲಿ ರಸ್ತೆಯಿಂದ ಸ್ವಲ್ಪ ಮೇಲೆ, ಅರೆಭಾಷೆಯ ಗೌಡರೊಬ್ಬರ ಮನೆಯಲ್ಲಿ ನಮಗೊಂದು ಕೋಣೆ, ಒಂದು ಒಲೆ. ಬರುವಾಗ ಮಡಿಕೇರಿಯಲ್ಲಿ ಎರಡು ಪಿಂಗಾಣಿ ಕಪ್ಪು, ಎರಡು ಸಾಸರು ಕೊಂಡಿದ್ದೆವು. ಅತ್ತೆಯ ಮನೆಯಲ್ಲಿ ಪಿಂಗಾಣಿ ಹೊಸ್ತಿಲು ದಾಟುವಂತಿರಲಿಲ್ಲ, ಮಡಿಗೆ ಬರದ ಪಾತ್ರೆ ಅದು. ಅಲ್ಲಿ ಸೊಸೆಯಂದಿರ ಕಾಫಿ ಎಲ್ಲರದ್ದೂ ಆದ ಮೇಲೆ, ಅಡುಗೆಮನೆಯ ಮೂಲೆಯಲ್ಲಿ, ನಿಂತುಕೊಂಡೇ. ಸಂಪಾಜೆಯಲ್ಲೋ, ದಿನಾ ಸಂಜೆ ನಾವಿಬ್ಬರೂ ಜಗಲಿಯ ಮೇಲೆ ಕೂತು, ಸಾಸರಿಗೆ ಸುರಿದುಕೊಂಡು ಸೊರ್ರನೆ ಹೀರುತ್ತಿದ್ದೆವು. ಅಂಥ ಸುಖ ಆಮೇಲೆ ಸ್ವಂತ ಮನೆ ಕಟ್ಟಿದಾಗಲೂ ನನಗೆ ಸಿಗಲಿಲ್ಲ.

ಬೇಸಿಗೆಯಲ್ಲಿ ಕಚೇರಿಯಿಂದ ಕಾಗದ ಬಂತು. ಮಳೆ ಹಿಡಿಯುವುದರೊಳಗೆ ಹೇಳಿಕೊಳ್ಳುವಂಥದ್ದೇನೂ ಸಿಗದಿದ್ದರೆ ಕ್ಯಾಂಪು ಬಂದ್. ಬಂದಾದರೆ ಮತ್ತೆ ಅತ್ತೆಯ ಮನೆ. ನಮ್ಮವರು ಪೆಚ್ಚಾಗಿ ಕೂತರು. ನನಗೆ ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ಅಂಗಳದಲ್ಲಿ ಅವರು ರಾಶಿ ಹಾಕಿದ್ದ ಕಲ್ಲುಗಳನ್ನು ಬೈದೆ.

ಒಂದು ಬೆಳಿಗ್ಗೆ ಗೌಡರ ಹೆಂಡತಿ, ನಾನು ಅಕ್ಕ ಅನ್ನುತ್ತಿದ್ದವರು, ಕಿರುಗುಡುತ್ತಿದ್ದ ಬಾಗಿಲಿನ ತಿರುಗಣೆಗೆ ಎಂಥದೋ ಕಲ್ಲು ಉಜ್ಜುತ್ತಿದ್ದರು. ನಾಲ್ಕು ಸಲ ಉಜ್ಜಿದ್ದೇ ತಡ, ಬಾಗಿಲು ಬಾಯಿ ಮುಚ್ಚಿತು. ಇಸಿದುಕೊಂಡು ನೋಡಿದೆ. ಬಿಳಿಕಲ್ಲಿನ ಚೂರಿಗೆ ಅಂಟಿಕೊಂಡು ಸೀಸದ ಬಣ್ಣದ ಹೊಳೆಯುವ ಹಾಳೆಗಳು. ಮುಟ್ಟಿದರೆ ಜಿಡ್ಡು, ಬೆರಳೆಲ್ಲ ಬೂದು.

“ಎಲ್ಲಿ ಸಿಕ್ಕಿತಕ್ಕ?”

“ಮೇಲೆ ತೋಡ್‌ಲಿ. ಇನ್ನೂ ಉಟ್ಟು,” ಎಂದರು, ಇನ್ನೂ ಇದೆಯೆಂದು ಮನೆ ಹಿಂದಿನ ಹಳ್ಳದ ಕಡೆ ತೋರಿಸಿದರು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಓಡಿಹೋಗಿ ನಮ್ಮವರಿಗೆ ಕೊಟ್ಟೆ. ಅವರು ನೋಟ್‌ಬುಕ್ಕಿನ ಮೇಲೆ ಗೀಚಿದರು. ಪೆನ್ಸಿಲಿನಂಥ ಗೆರೆ ಬಿತ್ತು.

“ಗ್ರಾಫೈಟು. ಪೆನ್ಸಿಲಿಗೆ ಹಾಕೋ ಕಲ್ಲು. ಬಿಸಾಡು.”

“ಅದು ಇಷ್ಟು ಭಾರ ಇರುತ್ತಾ? ನಿಮ್ಮ ಪೆಟ್ಟಿಗೇಲಿರೋ ಗ್ರಾಫೈಟು ಚೂರು ಎತ್ತಿ ನೋಡಿ.”

ಎರಡೂ ಕೈಯಲ್ಲಿ ಒಂದೊಂದು ಹಿಡಿದು ತೂಗಿದರು. ಆಮೇಲೆ ಮೆಲ್ಲಗೆ ಹೇಳಿದರು: ಮಾಲಿಬ್ಡಿನೈಟ್ ಅಂತ ಒಂದಿದೆ, ಉಕ್ಕನ್ನು ಗಟ್ಟಿ ಮಾಡುವ ಲೋಹದ ಅದಿರು, ಬಹಳ ಅಪರೂಪ. ನುಣುಪು ಪಿಂಗಾಣಿಯ ಮೇಲೆ ಉಜ್ಜಿದರೆ ಹಸಿರು ಹೊಡೆಯುತ್ತದೆ. ಅವರ ಚೀಲದಲ್ಲಿದ್ದದ್ದು ಕಲ್ಲು ಉಜ್ಜಿ ಬಣ್ಣ ನೋಡುವ ಒರಟು ಬಿಲ್ಲೆ ಮಾತ್ರ. ಸಾಸರು ಕೊಡು ಎಂದು ಬಾಯಿಬಿಟ್ಟು ಕೇಳಲಿಲ್ಲ, ಕಣ್ಣು ಮಾತ್ರ ಅತ್ತ ಹೋಯಿತು. ಬಿಳಿಕಲ್ಲು ತಾಗಿದರೆ ಗೀರು ಬೀಳುವುದು ಖಂಡಿತ.

ನಾನೇ ತಂದು ಮುಂದಿಟ್ಟೆ. “ಉಜ್ಜಿ. ನನ್ನ ಮುಖ ಏನು ನೋಡ್ತೀರಿ?”

ಉಜ್ಜಿದರು. ಗೀರು ಬಿತ್ತು. ಪಕ್ಕದಲ್ಲೇ ಒಣಗಿದ ಏಲಕ್ಕಿ ಸಿಪ್ಪೆಯ ಬಣ್ಣದ ಮಾಸಲು ಹಸಿರು ಗೆರೆ. ನನ್ನ ಕಣ್ಣಲ್ಲಿ ನೀರು.

ಮಾರನೇ ದಿನದಿಂದ ಹಳ್ಳದಲ್ಲೇ ನಮ್ಮ ವಾಸ. ಬಂಡೆಯೊಳಗೆ ಬೆರಳು ದಪ್ಪದ ಬಿಳಿ ಪಟ್ಟೆ, ಅದರಲ್ಲಿ ಅಲ್ಲಲ್ಲಿ ಹೊಳಪು. ಅವರು ಉಳಿ ಹಿಡಿದು ಬಿಡಿಸುತ್ತಿದ್ದರು. ಹಾಳೆ ಮಡಚಿಹೋಗದಂತೆ ನಾನು ಹತ್ತಿಯಲ್ಲಿ ಸುತ್ತಿ, ಯಾವ ಬಂಡೆ, ಎಷ್ಟು ಆಳ ಎಂದು ಚೀಟಿ ಬರೆದಿಡುತ್ತಿದ್ದೆ. ಜಾಗ ಬರೆಯದಿದ್ದರೆ ಎಂಥ ಅದಿರೂ ಬರೀ ಕಲ್ಲೇ ಎಂದು ಅವರು ಹೇಳಿಕೊಟ್ಟಿದ್ದರು. ವಾರ ಕಳೆದರೂ ಒಂದು ಸೇರು ತುಂಬಲಿಲ್ಲ.

ಕಚೇರಿಗೆ ಕಳಿಸಿದ ಮೇಲೆ ಉತ್ತರ ಬಂತು. ಅದಿರು ಅದೇ, ನಿಜಕ್ಕೂ ಅಪರೂಪದ್ದು. ಆದರೆ ಗಣಿ ತೆಗೆಯುವಷ್ಟಿಲ್ಲ. ಕ್ಯಾಂಪು ಬಂದ್. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ, ನಮ್ಮ ಇಲಿಯೇನೋ ಅಪರೂಪದ್ದೇ.

ಮೊದಲ ಮಳೆಗೆ ಹೊರಟೆವು. ಕಪ್ಪುಗಳನ್ನೂ ಚೆನ್ನಾಗಿದ್ದ ಸಾಸರನ್ನೂ ಅಕ್ಕನಿಗೆ ಕೊಟ್ಟೆ. ಗೀರು ಬಿದ್ದದ್ದನ್ನು ಬಿಡಲು ಮನಸ್ಸಾಗದೆ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟುಕೊಂಡೆ.

ಅತ್ತೆಯ ಕಣ್ಣಿಗೆ ಅದು ಬೀಳದೇ ಇರುತ್ತದೆಯೇ? “ಅದು ಒಳಗೆ ಬರಕೂಡದು,” ಎಂದರು. ಆಚೆ ಇಡಲು ನಾನು ಬಗ್ಗಿದೆ. ಅದುವರೆಗೆ ಅಮ್ಮನಿಗೆ ಎದುರು ಮಾತಾಡಿ ಗೊತ್ತಿಲ್ಲದ ನಮ್ಮವರು ನನ್ನ ಕೈಯಿಂದ ಸಾಸರು ತೆಗೆದುಕೊಂಡರು.

“ಇದು ಕಾಫಿ ಕುಡಿಯೋದಲ್ಲಮ್ಮ. ಕಲ್ಲು ಪರೀಕ್ಷೆ ಮಾಡೋ ಸಾಮಾನು, ನನ್ನ ಕೆಲಸದ್ದು.”

ಒಳಗೆ ಹೋಗಿ ತಮ್ಮ ಮೇಜಿನ ಮೇಲೆ ಇಟ್ಟರು. ಅತ್ತೆ ಆ ಗೀರನ್ನೂ ಹಸಿರನ್ನೂ ನೋಡಿ ಅಡುಗೆಮನೆಗೆ ಹೋದರು.

ಸಂಜೆ ನಮ್ಮವರು ತಮ್ಮ ಲೋಟದ ಕಾಫಿಯನ್ನು ಕೋಣೆಗೇ ತಂದರು. ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಸಾಸರನ್ನು ಪಂಚೆಯಲ್ಲಿ ಒರೆಸಿ ಸುರಿದರು. ನಾನು ನಿಂತುಕೊಂಡೇ ಕೈ ಚಾಚಿದೆ.

“ಕೂತ್ಕೊಂಡು ಕುಡಿ,” ಎಂದರು.