ಅವ್ವನ ಮಸಿಬಟ್ಟೆ

ಒಗೆದೊಗೆದು ತೆಳ್ಳಗಾದ ಹಳೆಯ ಸೀರೆಗಳು, ಅಪ್ಪನ ಒಂದು ಪಂಚೆ. ಇಷ್ಟನ್ನು ಪದರ ಪದರವಾಗಿ ಹಾಸಿ, ತಿಂಗಳುಗಟ್ಟಲೆ ಕೂತು ಹೊಲಿದರೆ ಏನಾಗುತ್ತದೆ? ಗುಬ್ಬಿಯ ನಮ್ಮ ಮನೆಯಲ್ಲಾದರೆ ಮಸಿಬಟ್ಟೆಯಾಗುತ್ತದೆ.

ನಗಬೇಡಿ. ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುವ ಬಟ್ಟೆಯನ್ನು ಯಾರೂ ಹೊಲಿಯುವುದಿಲ್ಲ ಎಂದು ನನಗೂ ಗೊತ್ತು. ಹರಿದ ಬನಿಯನ್ನೋ, ಲಂಗದ ತುಂಡೋ ಸಾಕು. ಅವ್ವ ಹೊಲಿಯುತ್ತಿದ್ದುದು ಬೊಂತೆ. ಎಳೆಮಗುವಿಗೆ ಹಾಸಿ ಹೊದಿಸುವ ಪುಟ್ಟ ಬೊಂತೆ. ಆದರೆ ಹಾಗೆನ್ನುವಂತಿರಲಿಲ್ಲ.

ಕುಣಿಗಲ್ಲಿಗೆ ಕೊಟ್ಟಿರುವ ನನ್ನ ತಂಗಿ ಸರೋಜ ಮೂರನೆಯ ಹೆರಿಗೆಗೆ ತವರಿಗೆ ಬಂದಿದ್ದಳು. ಮೊದಲ ಮಗು ಹುಟ್ಟುವಾಗಲೇ ಹೋಯಿತು. ಎರಡನೆಯದು ಹೆಸರಿಡುವ ಮೊದಲೇ. ಈ ಸಲ ಮನೆಯಲ್ಲಿ ಯಾರೂ ಮಗು ಎಂಬ ಮಾತನ್ನೇ ಎತ್ತುತ್ತಿರಲಿಲ್ಲ. ಮುಂಚೆಯೇ ಆಸೆಪಟ್ಟು ಸಿದ್ಧತೆ ಮಾಡಿದರೆ, ಕೇಳಿಸಿಕೊಳ್ಳಬಾರದವರು ಕೇಳಿಸಿಕೊಂಡುಬಿಡುತ್ತಾರೆ ಎಂಬುದು ಅವ್ವನ ಭಯ. (ಯಾರವರು? ಕೇಳಿದರೆ ಅವ್ವ ಸೂರು ನೋಡುತ್ತಾಳೆ.) ಹಾಗೆಂದು ಬೊಂತೆಯಿಲ್ಲದೆ ಆಗುತ್ತದೆಯೇ? ಅದಕ್ಕೇ ಈ ಸುಳ್ಳು ಹೆಸರು.

ತುಮಕೂರಿನಲ್ಲಿ ಪಾಠ ಮಾಡುವ ನಾನು ಶನಿವಾರದ ಬಸ್ಸು ಹಿಡಿದು ಗುಬ್ಬಿಗೆ ಹೋಗುತ್ತಿದ್ದೆ. ಒಮ್ಮೆ ನನ್ನ ನೈಲೆಕ್ಸ್ ಸೀರೆಯೊಂದನ್ನು ತೆಗೆದುಕೊಂಡು ಹೋದೆ.

"ನೈಲೆಕ್ಸಾ? ಬ್ಯಾಡ ಬುಡು. ಬಿಸಿ ತಾಗಿದ್ರೆ ಕರಗೋಯ್ತದೆ," ಎಂದಳು ಅವ್ವ. ಎಂಥ ನಟನೆ! ಬೆವರು ಹೀರುವ ಹತ್ತಿಯೇ ಬೇಕು ಎನ್ನಲು ಬಾಯಿ ಬರಲಿಲ್ಲ.

"ಪಾಪಂಗೆ ಇಷ್ಟಗಲ ಸಾಕಾಗುತ್ತಾ ಅವ್ವ?" ಬಾಯಿ ತಪ್ಪಿ ಕೇಳಿಬಿಟ್ಟೆ.

ಸೂಜಿ ನಿಂತಿತು. "ಎಮ್ಮೆ ಓದಿದೋಳೇ, ಬಾಯ್ ಮುಚ್ಕೊಂಡಿರು." (ನನ್ನ ಎಂ.ಎ. ಅವ್ವನ ಬಾಯಲ್ಲಿ ಹೀಗಾಗುತ್ತದೆ.) ಆ ಸಾಲಿನ ಹೊಲಿಗೆಯನ್ನೆಲ್ಲ ಬಿಚ್ಚಿ ಮತ್ತೆ ಶುರು ಮಾಡಿದಳು.

ಪಕ್ಕದ ಮನೆಯ ಪುಟ್ಟಮ್ಮ ಬಂದು ಅಂಚು ಮಗುಚಿ ನೋಡಿದಳು. "ಏನ್ ರಂಗಕ್ಕ, ಮಸಿಬಟ್ಟೆಗೂ ದಾರದ ಗಂಟು ಒಳಗಾಕ್ತೀಯಾ?"

"ಕೈಗೆ ಒತ್ತುತ್ತೆ ಕಣೇ."

"ನಿನ್ ಕೈ ಅಷ್ಟು ನಾಜೂಕಾಗಿದ್ದು ಯಾವಾಗಕ್ಕ?" ಎಂದು ನಕ್ಕವಳು, ಕಂಬಕ್ಕೆ ಒರಗಿ ಕೂತಿದ್ದ ಸರೋಜಳನ್ನು ನೋಡಿ ನಗು ನುಂಗಿದಳು. ಮಾರನೆಯ ದಿನ ತನ್ನದೊಂದು ಮೆತ್ತನೆಯ ಸೀರೆ ತಂದಿಟ್ಟಳು. "ತಗೋ, ನಿನ್ನ ಮಸಿಬಟ್ಟೆಗೆ."

ಇಷ್ಟೊಂದು ಎಚ್ಚರ ಯಾಕೆ? ಮೊದಲ ಬಸಿರಿನಲ್ಲಿ ಅವ್ವ ಊರಿಗೆಲ್ಲ ಹೇಳಿಕೊಂಡೇ ಬೊಂತೆ ಹೊಲಿದಿದ್ದಳು, ಅದಕ್ಕೇ ಇರಬೇಕು ಎಂದುಕೊಂಡಿದ್ದೆ. ಅದರ ಕೆಂಪಂಚು ಈಗಲೂ ನನ್ನ ಕಣ್ಣಿಗೆ ಕಟ್ಟಿದೆ. ಒಂದು ಶನಿವಾರ ಸರೋಜಳ ಹತ್ತಿರ ಹಾಗೆಂದೆ.

"ಅವಾಗ ಏನೂ ಹೊಲಿದಿರ್ಲಿಲ್ಲ ಕಣಕ್ಕ," ಎಂದಳು ಸರೋಜ. "ಕೆಂಪಂಚಿಂದು ಪುಟ್ಟಮ್ಮನ ಮೊಮ್ಮಗಂದು."

ಯಾರ ನೆನಪು ಸರಿ? ಅವ್ವನನ್ನು ಕೇಳುವ ಧೈರ್ಯ ನನಗಿಲ್ಲ. ಸರೋಜ ಹೇಳಿದ್ದೇ ನಿಜವಾದರೆ, ಆ ಸಾವಿಗೊಂದು ಕಾರಣ ಬೇಕೆಂದು ನನ್ನ ತಲೆಯೇ ಒಂದು ಬೊಂತೆ ಹೊಲಿದುಕೊಂಡಿತೇ? ಹಾಗಾದರೆ ಅವ್ವನ ಭಯಕ್ಕೂ ನನ್ನ ನೆನಪಿಗೂ ಏನು ವ್ಯತ್ಯಾಸ?

ಹೋದ ವಾರ ತುಮಕೂರಿನ ಆಸ್ಪತ್ರೆಯೊಂದರಲ್ಲಿ ಹೆರಿಗೆಯಾಯಿತು. ಬಾಗಿಲ ಹೊರಗೆ ಅವ್ವ, ನಾನು. ಒಳಗಿಂದ ಅಳು ಕೇಳಿಸಿತು. ಅವ್ವ ಗೋಡೆ ಹಿಡಿದುಕೊಂಡಳು. ಸಿಸ್ಟರ್ ಬಾಗಿಲು ತೆರೆದು, "ಹೆಣ್ಣು ಮಗು. ಸುತ್ತೋಕೆ ಬಟ್ಟೆ ಕೊಡಿ, ಬೇಗ," ಎಂದರು.

ಗಾಬರಿಯಲ್ಲಿ ಅವ್ವನ ಬಾಯಿಗೆ ಬಂದದ್ದು ಅದೇ. "ಆ ಮಸಿಬಟ್ಟೆ ತೆಗಿಯೇ ಬ್ಯಾಗಿಂದ!"

"ಮಸಿಬಟ್ಟೇಲಿ ಮಗು ಸುತ್ತೋದಾ? ಇನ್‌ಫೆಕ್ಷನ್ ಆದ್ರೆ ಯಾರಮ್ಮ ಹೊಣೆ?" ಸಿಸ್ಟರ್ ನನ್ನ ಕಡೆ ತಿರುಗಿದರು. "ಓದಿದೋರ ಥರ ಕಾಣ್ತೀರಿ, ನೀವಾದ್ರೂ ಹೇಳ್ಬಾರ್ದೇನ್ರೀ?"

ಒಗೆದು ಬಿಸಿಲಿನಲ್ಲಿ ಒಣಗಿಸಿದ ಬೊಂತೆ ನನ್ನ ಕೈಯಲ್ಲೇ ಇತ್ತು. ಅದರ ನಿಜವಾದ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಅವ್ವನ ತುಟಿ ಅಲುಗಿತು, ಮಾತು ಹೊರಡಲಿಲ್ಲ. ನನಗೂ ಹೊರಡಲಿಲ್ಲ. (ಶಕುನ ನಂಬದ ನನಗೆ!)

ತೆರೆದ ಬಾಗಿಲಿನಾಚೆ, ಮಂಚದ ಮೇಲಿಂದ ಸರೋಜಳ ದನಿ ಬಂತು. "ಮಸಿಬಟ್ಟೆ ಅಲ್ಲ ಸಿಸ್ಟರ್. ನನ್ನ ಮಗಳ ಬೊಂತೆ."

"ಶ್! ಮೆಲ್ಲಗೆ ಕಣೇ," ಎಂದಳು ಅವ್ವ.

"ನನ್ನ ಮಗಳದು ಕಣವ್ವ," ಎಂದಳು ಸರೋಜ, ಇನ್ನೂ ಜೋರಾಗಿ. "ಕೊಡಕ್ಕ."

ಕೊಟ್ಟೆ.

ಮಗು ಚೆನ್ನಾಗಿದೆ. ಹೆಸರಿಡಲು ಇನ್ನೂ ದಿನವಿದೆ, ಅವ್ವ ಇನ್ನೂ ಪಿಸುಮಾತಿನಲ್ಲೇ ಇದ್ದಾಳೆ. ನನ್ನನ್ನು ಕೊರೆಯುತ್ತಿರುವುದು ಬೇರೆ. ಇಷ್ಟು ತಿಂಗಳು ಮಗು ಎಂಬ ಮಾತನ್ನು ನಾವು ಬಚ್ಚಿಟ್ಟದ್ದು ಸಾವಿನಿಂದಲೋ, ಸರೋಜಳಿಂದಲೋ?